ದ್ವೀಪ ಬಿಡುವವರಿಗೆ ಮಾತ್ರ

ಆ ಒಂದೇ ಸ್ವರವನ್ನು ಅವನು ಬೆಳಗಿನಿಂದ ಬಾರಿಸುತ್ತಲೇ ಇದ್ದ.

ಟಿಂಗ್... ಸ್ವಲ್ಪ ಮೌನ. ಮತ್ತೆ ಟಿಂಗ್...

ಸುಂಕವಿಲ್ಲದ ಸರಕಿನ ಮಳಿಗೆಯಲ್ಲಿ ವಾಚಿನ ಕೌಂಟರಿನ ಹಿಂದೆ ನಿಂತಿದ್ದ ಯುನ್ ಪೇಲಾನ್ ಹಲ್ಲು ಕಚ್ಚಿ ನಗುತ್ತಿದ್ದಳು. ಅವಳ ಎಡಗೈ ಆಗ ಅವಳದಾಗಿರಲಿಲ್ಲ. ಬೀಜಿಂಗಿನಿಂದ ರಜೆಗೆ ಬಂದ ಗಿರಾಕಿಯೊಬ್ಬ, ತನ್ನ ಹೆಂಡತಿಯ ಮಣಿಕಟ್ಟೂ ಇಷ್ಟೇ ಸಣ್ಣದು ಎಂದು ಹೇಳಿ, ಅವಳ ಕೈಗೆ ಒಂದಾದ ಮೇಲೊಂದು ವಾಚು ಕಟ್ಟಿಸಿ ನೋಡುತ್ತಿದ್ದ. ಕೊನೆಗೆ, ಈ ಸದ್ದಿನಲ್ಲಿ ತಲೆಯೇ ಓಡುತ್ತಿಲ್ಲ ಎಂದು ಗೊಣಗಿ ಎದ್ದುಹೋದ.

ಪೇಲಾನ್ ನೆಟ್ಟಗೆ ಮಳಿಗೆಯ ನಡುವಿನ ಅಂಗಳಕ್ಕೆ ನಡೆದಳು. ಅಲ್ಲಿ ಅಲಂಕಾರಕ್ಕೆಂದು ಇಟ್ಟಿದ್ದ ಬಿಳಿ ಪಿಯಾನೋದ ಹೊಟ್ಟೆಯೊಳಗೆ ಒಬ್ಬ ಮನುಷ್ಯ ಅರ್ಧ ಇಳಿದಿದ್ದ.

"ಕೇಳಿ ಇಲ್ಲಿ. ಆ ಒಂದೇ ಸ್ವರ ಇನ್ನೂ ಎಷ್ಟು ಹೊತ್ತು?"

ಅವನು ತಲೆ ಹೊರಗೆ ತೆಗೆದ. ಉತ್ತರದ ಕಡೆಯವರ ಬಿಳಿಚಿದ ಮುಖ, ಬಿಸಿಲಿಗೆ ಮೂಗಷ್ಟೇ ಕೆಂಪಾಗಿತ್ತು. ಅವಳ ಪ್ರಶ್ನೆಯನ್ನೂ ಒಂದು ತಂತಿಯಂತೆ ಆಲಿಸಿದ.

"ಸರಿಯಾಗೋವರೆಗೆ," ಎಂದ. "ಕಡಲ ಗಾಳಿಗೆ ತಂತಿ ಸಡಿಲ ಆಗಿದೆ. ಅದರ ತಪ್ಪಲ್ಲ."

"ನನ್ನ ಗಿರಾಕಿ ಎದ್ದು ಹೋದ. ಅದು ಯಾರ ತಪ್ಪು?"

"ನನ್ನದು."

ಜಗಳಕ್ಕೆ ಸಜ್ಜಾಗಿ ಬಂದಿದ್ದವಳು ಸೊಂಟದ ಮೇಲಿಟ್ಟ ಕೈ ಇಳಿಸಿದಳು. ಅಷ್ಟರಲ್ಲಿ ಅವನ ಕಣ್ಣು ಅವಳ ಕೈ ಮೇಲೆ ಬಿತ್ತು. ಸಿಟ್ಟಿನಲ್ಲಿ ವಾಚು ಬಿಚ್ಚುವುದನ್ನೇ ಮರೆತು ಬಂದಿದ್ದಳು. ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು.

"ವಾಚು ಚೆನ್ನಾಗಿದೆ."

"ನನ್ನದಲ್ಲ."

"ಹಾಗಾದ್ರೆ ಬೇಗ ಹೋಗಿ. ಕಾವಲಿನವನು ನಿಮ್ಮ ಹಿಂದೇನೇ ಬರ್ತಿದ್ದಾನೆ."

ತಿರುಗಿ ನೋಡಿದರೆ, ನಿಜಕ್ಕೂ ಬರುತ್ತಿದ್ದ. ಕೌಂಟರಿಗೆ ಓಡಿ ಬಂದು ವಾಚು ಬಿಚ್ಚಿಡುವಾಗ ಪೇಲಾನ್‌ಗೆ ತಾನು ನಗುತ್ತಿರುವುದು ಗೊತ್ತಾಯಿತು. ಈ ಸಲ ಹಲ್ಲು ಕಚ್ಚಿರಲಿಲ್ಲ.

ಅವನ ಹೆಸರು ಟೋಂಗ್ ಯೆನ್‌ಶೆಂಗ್. ದೇಶದ ಉತ್ತರದ ತುದಿಯ ಜಿಯಾಮುಸಿಯವನು, ಪಿಯಾನೋ ಶ್ರುತಿ ಮಾಡುವುದು ಅವನ ಕಸುಬು. ದಕ್ಷಿಣದ ಈ ದ್ವೀಪದಲ್ಲಿ, ಸಾನ್ಯಾದ ಕಡಲ ದಂಡೆಯ ಹೋಟೆಲುಗಳಲ್ಲೆಲ್ಲ ಪಿಯಾನೋ ಇತ್ತು, ಎಲ್ಲವೂ ಉಪ್ಪು ಗಾಳಿಗೆ ಹಾಳಾಗುತ್ತಿದ್ದವು. ಹಾಗಾಗಿ ಅವನಿಗೆ ಕೆಲಸ ಮುಗಿಯುತ್ತಲೇ ಇರಲಿಲ್ಲ. ಎಲ್ಲರೂ ಅವನನ್ನು ಟೋಂಗ್ ಮೇಷ್ಟ್ರೇ ಎನ್ನುತ್ತಿದ್ದರು. ಪೇಲಾನ್ ಕೂಡ ಕೆಲವು ವಾರ ಹಾಗೆಯೇ ಕರೆದಳು. ಆಮೇಲೆ ಮೇಷ್ಟ್ರು ಹೋಗಿ ನೀವು ಆಯಿತು, ನೀವು ಹೋಗಿ ನೀನು ಆಯಿತು. ಯಾವಾಗ ಎಂದು ಇಬ್ಬರಿಗೂ ಗೊತ್ತಿಲ್ಲ.

ಇಬ್ಬರದೂ ಮಾತು ಕಡಿಮೆ. ಪಾಳಿ ಮುಗಿದ ಮೇಲೆ ಸಮುದ್ರದ ಕಟ್ಟೆಯ ಮೇಲೆ ಕೂತು ತೆಂಗಿನ ಹಾಲಿನಲ್ಲಿ ಹೆಸರುಕಾಳು, ಹಣ್ಣು, ಐಸು ಹಾಕಿ ಕೊಡುವ ಚಿಂಗ್‌ಬುಲಿಯಾಂಗ್ ತಿನ್ನುತ್ತಿದ್ದರು. ಒಮ್ಮೊಮ್ಮೆ ಬಟ್ಟಲು ಖಾಲಿಯಾಗುವವರೆಗೂ ಒಂದೇ ಒಂದು ಮಾತು ಇರುತ್ತಿರಲಿಲ್ಲ. ಅದು ಪೇಲಾನ್‌ಗೆ ಹಿತವಾಗಿತ್ತು. ದಿನವಿಡೀ ಮಾತು ಮಾರುವವಳಿಗೆ ಸುಮ್ಮನಿರುವ ಮನುಷ್ಯ ಸಿಕ್ಕಿದ್ದೇ ಒಂದು ವಿಶ್ರಾಂತಿ.

*ಆದರೆ ಈ ಮೌನ ಒಂದು ದಿನ ನಮ್ಮನ್ನೇ ತಿಂದುಹಾಕಿದರೆ...?*

ಆ ಯೋಚನೆ ಬಂದದ್ದೇ ಅವಳು ಚಮಚ ಬಟ್ಟಲಿಗೆ ಹಾಕಿ ಏನಾದರೂ ಕೇಳುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ.

ಚಳಿಗಾಲ ಬಂತೆಂದರೆ ಉತ್ತರದ ಹೆಂಗಸರು ಹಿಂಡು ಹಿಂಡಾಗಿ ಸಾನ್ಯಾಕ್ಕೆ ಇಳಿಯುತ್ತಾರೆ. ಅವರ ವ್ಯಾಪಾರದ ಜಾಣತನದ ಮುಂದೆ ಮಳಿಗೆಯವರೇ ಸೋಲಬೇಕು. ಬಂದ ದಿನ ಏನನ್ನೂ ಕೊಳ್ಳುವುದಿಲ್ಲ, ಬರೀ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಸದಸ್ಯರಿಗೆ ರಿಯಾಯಿತಿ ಇರುವ ದಿನಕ್ಕೆ ಕಾಯುತ್ತಾರೆ. ಎರಡು ಕೊಂಡರೆ ಇಷ್ಟು ಕಡಿಮೆ ಎಂದಾಗ ಪಕ್ಕದಲ್ಲಿ ನಿಂತ ಅಪರಿಚಿತರನ್ನೇ ಜೊತೆಗಾರರನ್ನಾಗಿ ಮಾಡಿಕೊಳ್ಳುತ್ತಾರೆ. ಸುಂಕವಿಲ್ಲದೆ ಒಬ್ಬರು ವರ್ಷಕ್ಕೆ ಇಷ್ಟೇ ಕೊಳ್ಳಬಹುದು ಎಂಬ ಮಿತಿ ಇರುವುದರಿಂದ, ಗಂಡನನ್ನೂ ಮಗನನ್ನೂ ಚೀಲದಂತೆ ಎಳೆದು ತರುತ್ತಾರೆ.

"ಮಗನಿಗೆ ಮದುವೆ ಯಾಕೆ ಮಾಡ್ತಿದ್ದೀನಿ ಅಂದ್ಕೊಂಡೆ?" ಎಂದು ಒಬ್ಬ ಹೆಂಗಸು ಪೇಲಾನ್‌ಗೆ ಹೇಳಿದ್ದಳು. "ಸೊಸೆ ಬಂದ್ರೆ ಮನೇಲಿ ಇನ್ನೊಬ್ಬರ ಪಾಲು ಸಿಗುತ್ತಲ್ಲ."

ಮಗ ಪಕ್ಕದಲ್ಲೇ ನಿಂತು ಸೀಲಿಂಗ್ ನೋಡುತ್ತಿದ್ದ.

ಅಂಥ ಒಂದು ಮಧ್ಯಾಹ್ನ ಯೆನ್‌ಶೆಂಗ್ ಕೌಂಟರಿಗೆ ಬಂದ. ಪಿಯಾನೋದ ಕೆಲಸ ಇರಲಿಲ್ಲ. ಗಾಜಿನ ಮೇಲೆ ಬಾಗಿ, ಹೆಣ್ಣುಮಕ್ಕಳು ಕಟ್ಟುವಂಥದ್ದು ತೋರಿಸು ಎಂದ. ಪೇಲಾನ್ ತಟ್ಟೆ ಹೊರಗೆಳೆದು ತೋರಿಸಿದಳು. ಸಣ್ಣ ಮುಖದ, ಕಡುನೀಲಿ ಚರ್ಮದ ಪಟ್ಟಿಯ ವಾಚೊಂದನ್ನು ಅವನೇ ಆರಿಸಿದ. ಅದನ್ನು ಅವಳು ಕೈಗೆ ಕಟ್ಟಿಕೊಂಡಾಗ ಬಹಳ ಹೊತ್ತು ನೋಡಿದ. ವಾಚನ್ನೋ ಕೈಯನ್ನೋ, ಅವಳಿಗೆ ತಿಳಿಯಲಿಲ್ಲ.

ಇವತ್ತು ಬೇಡ, ಬುಧವಾರ ಸದಸ್ಯರ ದಿನ, ಬೆಲೆ ಇಳಿಯುತ್ತದೆ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಯಾರಿಗೆ ಎಂದು ಕೇಳಲಿಲ್ಲ. ಕೇಳಿದರೆ ಒಳಗಿನ ಆಸೆ ಒಡೆದುಹೋಗುತ್ತದೆ ಎನ್ನಿಸಿತು.

ಬುಧವಾರ ಅವಳಿಗೆ ರಜೆ.

ಗುರುವಾರ ಬೆಳಿಗ್ಗೆ ಪೊಟ್ಟಣ ಕಟ್ಟುವ ಕೋಣೆಗೆ ಹೋದಾಗ ಆ ನೀಲಿ ಪಟ್ಟಿಯ ವಾಚು ಮೇಜಿನ ಮೇಲಿತ್ತು. ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ ಟೋಂಗ್ ಯೆನ್‌ಶೆಂಗ್ ಎಂಬ ಹೆಸರಿತ್ತು.

ಅವಳು ಒಂದು ಗಳಿಗೆ ಕಣ್ಣು ಮುಚ್ಚಿ ಸಂತೋಷವನ್ನು ಸುಮ್ಮನೆ ಒಳಗೆ ಬಿಟ್ಟುಕೊಂಡಳು. ಕಣ್ಣು ತೆರೆದಾಗ ಹೆಸರಿನ ಕೆಳಗಿನ ಸಾಲು ಕಂಡಿತು.

ಸಾನ್ಯಾದಿಂದ ಹಾರ್ಬಿನ್, ಅವನ ಊರಿನ ದಿಕ್ಕಿಗೆ. ಹೋಗುವ ಟಿಕೆಟ್ ಮಾತ್ರ.

ಇಲ್ಲಿ ಕೊಂಡ ವಸ್ತು ಇಲ್ಲಿ ಕೈಗೆ ಸಿಗುವುದಿಲ್ಲ. ದ್ವೀಪ ಬಿಡುವವರಿಗೆ, ಬಿಡುವ ದಿನ, ವಿಮಾನ ನಿಲ್ದಾಣದ ಕಿಟಕಿಯಲ್ಲಿ ಕೊಡುತ್ತಾರೆ. ಟಿಕೆಟ್ ತೋರಿಸದೆ ಯಾರೂ ಕೊಳ್ಳುವಂತಿಲ್ಲ. ಇದನ್ನು ದಿನಕ್ಕೆ ಎಷ್ಟು ಸಲ ಗಿರಾಕಿಗಳಿಗೆ ವಿವರಿಸಿದ್ದಳೋ. ಆದರೂ ಆ ನಿಯಮದ ಅರ್ಥ ಅವಳಿಗೆ ಈಗಷ್ಟೇ ಆಯಿತು.

*ಅವನು ಹೋಗುತ್ತಿದ್ದಾನೆ. ನನಗೆ ಹೇಳದೆ. ಒಬ್ಬ ಹೆಣ್ಣಿಗೆ ವಾಚು ತೆಗೆದುಕೊಂಡು.*

ಬುಧವಾರವನ್ನು ಸೂಚಿಸಿದ್ದು ತಾನೇ, ಆದರೆ ಅವನು ಒಪ್ಪಿದ್ದು ಅವತ್ತು ತಾನಿರುವುದಿಲ್ಲವೆಂದೇ. ಕಟ್ಟಿ ಕಳಿಸುವ ಕೆಲಸವೂ ತನ್ನದೇ ಎಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಅವಳು ಕಟ್ಟಿದಳು. ಪೆಟ್ಟಿಗೆಯಲ್ಲಿಟ್ಟಳು, ಅಂಟುಪಟ್ಟಿ ಎಳೆದಳು, ಮೊಹರು ಒತ್ತಿದಳು. ತನ್ನ ಕೈ ಮೇಲೆ ಅಳತೆ ನೋಡಿದ್ದನ್ನು ಇನ್ಯಾರದೋ ಕೈಗೆ ಕಳಿಸುವುದು ಅವಳಿಗೆ ಹೊಸದೇನಲ್ಲ. ಅದೇ ಅವಳ ಉದ್ಯೋಗ.

ಜೊತೆಗಾತಿ ಮಾನ್‌ಲಿ ಹಿರಿಯಳು, ಬಾಯಿ ಜೋರು. ಬುಧವಾರ ಆ ವಾಚನ್ನು ಮಾರಿದ್ದು ಅವಳೇ. ಪೇಲಾನ್‌ಳ ಮುಖ ನೋಡಿ, "ಹೋಗಿ ಕೇಳೇ ಅವನನ್ನ," ಎಂದಳು.

"ಹೇಗೆ ಕೇಳಲಿ ಅಕ್ಕಾ? ಕೌಂಟರಿನ ಮಾತು ಹೊರಗೆ ಹೋದ್ರೆ ಕೆಲಸ ಹೋಗುತ್ತೆ."

ಗಿರಾಕಿ ಏನು ಕೊಂಡ, ಯಾವ ವಿಮಾನಕ್ಕೆ ಹೊರಟ ಎನ್ನುವುದು ಮಳಿಗೆಯ ಗುಟ್ಟು. ಸೇರಿದ ದಿನವೇ ಸಹಿ ಹಾಕಿ ಕೊಟ್ಟಿದ್ದಳು. ತನಗೆ ಗೊತ್ತಿರಬಾರದ್ದು ಗೊತ್ತಾಗಿತ್ತು. ಗೊತ್ತಾದದ್ದನ್ನು ಕೇಳುವಂತಿರಲಿಲ್ಲ. ಅವನಾಗಿಯೇ ಹೇಳಬೇಕು... ಅಷ್ಟೇ ಉಳಿದ ದಾರಿ.

ಸಂಜೆ ಕಟ್ಟೆಯ ಮೇಲೆ ಅವಳು ಅವನಿಗೆ ದಾರಿ ಬಿಟ್ಟುಕೊಟ್ಟಳು. ಹೊಸವರ್ಷದ ಹಬ್ಬಕ್ಕೆ ಊರಿಗೆ ಹೋಗುವ ಯೋಚನೆ ಇದೆಯೇ ಎಂದು, ಸಮುದ್ರವನ್ನು ನೋಡುತ್ತಾ ಕೇಳಿದಳು.

ಯೆನ್‌ಶೆಂಗ್ ಬಟ್ಟಲಿನಲ್ಲಿ ಚಮಚ ತಿರುಗಿಸಿದ. ಬಾಯಿ ತೆರೆದ. ಏನೋ ತುದಿಗೆ ಬಂದದ್ದು ಅವಳಿಗೆ ಕಾಣುವಂತಿತ್ತು. ಹೇಳು, ಹೇಳಿಬಿಡು ಎಂದು ಅವಳು ಮೈಯೆಲ್ಲ ಕಿವಿಯಾಗಿ ಕಾದಳು.

"ನೋಡ್ಬೇಕು," ಎಂದ. ಮತ್ತೆ, "ತಿನ್ನು. ಐಸು ಕರಗ್ತಿದೆ."

ಅವಳು ತಿಂದಳು.

ಮರುದಿನದಿಂದ ಪೇಲಾನ್ ಅವನ ಸಂದೇಶಗಳನ್ನು ತೆರೆಯಲಿಲ್ಲ. ಮಾತಾಡಬೇಕಿತ್ತು ಎಂಬ ಒಂದೇ ಪದ ಫೋನಿನ ಮೇಲ್ತುದಿಯಲ್ಲಿ ಹೊಳೆದು ಆರಿತು. ಅವಳು ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಅವನೇ ಬಂದ. ದೂರದಿಂದಲೇ ಅವನ ನಡಿಗೆ ಗುರುತಿಸಿ ಅವಳು ದಾಸ್ತಾನಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವಳು ರಜೆಯಲ್ಲಿದ್ದಾಳೆ ಎಂದು ಮಾನ್‌ಲಿ ಹೇಳುವುದು ಕೇಳಿಸಿತು. ಆಮೇಲೆ ಅವನ ಹೆಜ್ಜೆಯ ಸದ್ದು ದೂರವಾಯಿತು.

*ಈಗ ಹೊರಗೆ ಹೋದರೆ ಇನ್ನೂ ಸಿಗುತ್ತಾನೆ.*

ಹೋಗಲಿಲ್ಲ. ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಅವಳು ತನ್ನ ಎರಡೂ ಕೈಗಳನ್ನು ನೋಡುತ್ತಿದ್ದಳು. ಇಷ್ಟು ನಿರುಪಯೋಗಿ ಕೈಗಳು ಯಾರಿಗೂ ಇರಲಾರವು ಎನ್ನಿಸಿತು.

ಆ ಟಿಕೆಟ್ಟಿನ ದಿನ ಬಂತು. ಅವಳು ಬೆಳಿಗ್ಗೆಯಿಂದ ಗಡಿಯಾರ ನೋಡಲಿಲ್ಲ. ವಾಚಿನ ಕೌಂಟರಿನಲ್ಲಿ ಅದೊಂದು ಕಷ್ಟದ ಕೆಲಸ. ಮಳಿಗೆಯ ಮೇಲಿಂದ ಹಾದ ಪ್ರತಿ ವಿಮಾನದ ಸದ್ದಿಗೂ ಕೈಯ ಕೆಲಸ ನಿಲ್ಲಿಸಿದಳು.

ಮರುದಿನ ಮಧ್ಯಾಹ್ನ ಪರದೆಯಲ್ಲಿ ಕೆಂಪು ಗುರುತೊಂದು ಬಿತ್ತು.

ಪೊಟ್ಟಣ ವಿಮಾನ ನಿಲ್ದಾಣದಲ್ಲೇ ಉಳಿದಿದೆ. ಗಿರಾಕಿ ಬಂದಿಲ್ಲ.

ಹೀಗಾದಾಗ ಮಾರಿದ ಕೌಂಟರಿನವರೇ ಗಿರಾಕಿಗೆ ಫೋನು ಮಾಡಬೇಕು. ಅದೂ ನಿಯಮವೇ. ಮಾನ್‌ಲಿ ರಿಸೀವರ್ ಎತ್ತಿ ಪೇಲಾನ್‌ಳ ಮುಂದೆ ಹಿಡಿದಳು.

"ನೀವೇ ಮಾಡಿ ಅಕ್ಕಾ. ನೀವೇ ಮಾರಿದ್ದು."

"ನನಗೆ ಊಟದ ಹೊತ್ತು," ಎಂದಳು ಮಾನ್‌ಲಿ. ಆಗಷ್ಟೇ ಊಟ ಮಾಡಿ ಬಂದಿದ್ದಳು. "ಬಾಯಿ ಕಟ್ಟಿದ್ದೂ ಕೆಲಸಾನೇ, ಬಿಚ್ಚೋದೂ ಕೆಲಸಾನೇ. ಹಿಡ್ಕೋ."

ಈ ಕರೆ ದಾಖಲಾಗುತ್ತದೆ ಎಂಬ ಯಂತ್ರದ ದನಿ ಮುಗಿಯಿತು. ಆ ಕಡೆ ಅವನು ಎತ್ತಿದ.

"ನಮಸ್ಕಾರ, ಟೋಂಗ್ ಅವರೇ. ಮಳಿಗೆಯ ವಾಚಿನ ವಿಭಾಗದಿಂದ ಮಾತಾಡ್ತಿದ್ದೀನಿ. ನೀವು ಕೊಂಡ ವಸ್ತುವನ್ನು ವಿಮಾನ ನಿಲ್ದಾಣದಲ್ಲಿ ತಗೊಂಡಿಲ್ಲ."

ಅವನು ದನಿ ಗುರುತಿಸಿದ.

"ಪೇಲಾನ್..."

"ದ್ವೀಪ ಬಿಟ್ಟಿದ್ದೀರಾ, ಇಲ್ವಾ? ಇದನ್ನ ನಾನು ಕೇಳಲೇಬೇಕು."

ಬಿಟ್ಟಿದ್ದೇನೆ ಎಂದ. ಟಿಕೆಟ್ಟಿನ ದಿನಕ್ಕಿಂತ ನಾಲ್ಕು ದಿನ ಮೊದಲೇ. ಸಾನ್ಯಾದಿಂದ ವಿಮಾನ ಇರಲಿಲ್ಲ. ದ್ವೀಪದ ಇನ್ನೊಂದು ತುದಿಯ ಹೈಕೌ ತನಕ ರೈಲಿನಲ್ಲಿ ಹೋಗಿ ಅಲ್ಲಿಂದ ಸಿಕ್ಕಿದ್ದನ್ನು ಹತ್ತಿದ್ದ. ಟಿಕೆಟ್ ಬದಲಾಯಿಸಿದವರು ಮಳಿಗೆಗೂ ತಿಳಿಸಬೇಕು ಎಂಬುದು ಅವನಿಗೆ ನೆನಪೇ ಆಗಿರಲಿಲ್ಲ. ಎಷ್ಟೋ ಜನ ಮಾಡುವ ತಪ್ಪೇ. ವಸ್ತು ಒಂದು ಊರಿನಲ್ಲಿ ಕಾಯುತ್ತಿರುತ್ತದೆ, ಮನುಷ್ಯ ಇನ್ನೊಂದು ಊರಿನಿಂದ ಹಾರಿರುತ್ತಾನೆ.

"ಅಷ್ಟು ಅವಸರ ಏನಿತ್ತು?"

ಅದು ನಿಯಮದ ಪ್ರಶ್ನೆಯಲ್ಲ. ಬಾಯಿಂದ ಬಿದ್ದುಹೋಗಿತ್ತು.

ಯೆನ್‌ಶೆಂಗ್ ಹೇಳಿದ. ಅಷ್ಟು ತಿಂಗಳಲ್ಲಿ ಹೇಳದ್ದನ್ನೆಲ್ಲ, ದಾಖಲಾಗುತ್ತಿದ್ದ ಆ ಕರೆಯಲ್ಲಿ, ಒಂದೊಂದೇ ತಂತಿ ಎಳೆದಂತೆ ಹೇಳಿದ. ತಾಯಿಗೆ ಲಕ್ವ ಹೊಡೆದು ವರ್ಷಗಳಾಗಿವೆ, ಹಾಸಿಗೆಯಲ್ಲೇ ಇದ್ದಾಳೆ. ಅಣ್ಣ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಅಪರೂಪ. ಇಷ್ಟೂ ಕಾಲ ತಾಯಿಯನ್ನು ಹೊರಳಿಸಿ, ಒರೆಸಿ, ಉಣಿಸಿದವಳು ಅತ್ತಿಗೆ. ಇನ್ನು ನನ್ನ ಸರದಿ ಎಂದು ಅವನು ನಿಶ್ಚಯಿಸಿದ್ದ. ಅತ್ತಿಗೆ ತನಗೆಂದು ಏನನ್ನೂ ಕೊಂಡವಳಲ್ಲ, ಹೋಗುವಾಗ ಅವಳಿಗೊಂದು ವಾಚು ಒಯ್ಯೋಣ ಎಂದುಕೊಂಡಿದ್ದ. ಅಷ್ಟರಲ್ಲಿ ಅವಳು ಹೆಪ್ಪುಗಟ್ಟಿದ ಬೀದಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಮಲಗಿದ್ದರು.

ಪೇಲಾನ್ ಗಾಜಿನ ಅಂಚನ್ನು ಹಿಡಿದುಕೊಂಡಳು.

*ದಾಸ್ತಾನಿನ ಕೋಣೆ... ಅವನು ಬಂದದ್ದು ಹೊರಟ ದಿನವೇ.*

"ಹೇಳೋಕೆ ಬಂದಿದ್ದೆ," ಎಂದ, ಅವಳ ಯೋಚನೆ ಕೇಳಿಸಿದವನಂತೆ. "ರಜೆ ಅಂದ್ರು. ನೀನು ಇದ್ದೀಯ ಅಂತ ನಂಗೆ ಗೊತ್ತಿತ್ತು. ನಿನ್ನ ಚಹಾದ ಲೋಟದಲ್ಲಿ ಹಬೆ ಇನ್ನೂ ಆಡ್ತಿತ್ತು."

"ಮತ್ತೆ ಯಾಕೆ ಕೂಗ್ಲಿಲ್ಲ?"

"ಏನಂತ ಕೂಗ್ಲಿ? ಕಾಯಿ ಅಂತಾನಾ? ಎಷ್ಟು ವರ್ಷ ಅಂತ ಹೇಳ್ಲಿ? ತಾಯಿ ಬದುಕಿರೋವರೆಗೆ ಅಂದ್ರೆ, ಅವಳು ಬೇಗ ಹೋಗ್ಲಿ ಅಂತ ಕಾದ ಹಾಗಾಗುತ್ತೆ. ಜೊತೆಗೆ ಬಾ ಅನ್ನೋದು ಅದಕ್ಕಿಂತ ಅನ್ಯಾಯ."

ಇಬ್ಬರೂ ಸುಮ್ಮನಾದರು. ಈ ಮೌನಕ್ಕೆ ಕಟ್ಟೆಯ ಮೇಲಿನ ಹಿತ ಇರಲಿಲ್ಲ.

ಮೇಲ್ವಿಚಾರಕಿ ಆಚೆಯಿಂದ ಒಮ್ಮೆ ಇತ್ತ ನೋಡಿದಳು. ಪೇಲಾನ್ ಗಂಟಲು ಸರಿಮಾಡಿಕೊಂಡು ಕರೆಯಲ್ಲಿ ಹೇಳಬೇಕಾದ ಮುಂದಿನ ಸಾಲಿಗೆ ಹೋದಳು. ಹಣ ವಾಪಸ್ ಮಾಡಬಹುದು. ಇಲ್ಲವೇ ವಸ್ತುವೇ ಬೇಕೆಂದರೆ...

"...ನೀವು ಒಂದ್ಸಲ ದ್ವೀಪಕ್ಕೆ ಬರಬೇಕು. ಮತ್ತೆ ಹೊರಡಬೇಕು. ಹೊರಡೋ ದಿನ ಕೊಡ್ತಾರೆ."

"ಬರಬಹುದು," ಎಂದ ಯೆನ್‌ಶೆಂಗ್. ದನಿ ಸಣ್ಣಗಾಯಿತು. "ಬಂದ್ರೆ ಮತ್ತೆ ಹೊರಡೋಕೆ ನನ್ನ ಕೈಲಾಗಲ್ಲ, ಪೇಲಾನ್. ಈ ಸಲ ಹೇಗೆ ಹೊರಟೆ ಅಂತ ನಂಗೇ ಗೊತ್ತಿಲ್ಲ."

ಅವಳ ಕಣ್ಣು ತುಂಬಿ ಪರದೆಯ ಅಕ್ಷರಗಳೆಲ್ಲ ನೀರಾದವು. ಇಷ್ಟು ತಿಂಗಳಲ್ಲಿ ಅವನು ಅವಳಿಗೆ ಪ್ರೀತಿಯ ಒಂದು ಮಾತೂ ಆಡಿರಲಿಲ್ಲ. ಈಗ ಆಡಿದ್ದ. ಹಣ ವಾಪಸಿನ ಗುಂಡಿ ಒತ್ತಲು ಅವಳು ಬೆರಳೆತ್ತಿದ್ದಾಗ.

ಕರೆ ಮುಗಿಸುವಾಗ ಕೇಳಲೇಬೇಕಾದ ಒಂದು ವಾಕ್ಯವಿತ್ತು. ಕೇಳಿದಳು.

"ನಿಮಗೆ ಬೇರೆ ಏನಾದರೂ ಸಹಾಯ ಬೇಕಾ?"

ಆ ಕಡೆ ದೂರದಲ್ಲಿ ಯಾರೋ ಮುದುಕಿ ನರಳುವ ಸದ್ದು ಬಂತು.

"ಬೇಕು," ಎಂದ. "ಆದ್ರೆ ಕೇಳೋ ಹಕ್ಕಿಲ್ಲ."

ಫೋನು ಇಟ್ಟ.

ಆ ವಾರ ಪೇಲಾನ್ ಏನು ಮಾಡಿದಳೆಂದು ಕೇಳಿದರೆ ಮಾನ್‌ಲಿ ಇಂದಿಗೂ ತಲೆ ಚಚ್ಚಿಕೊಳ್ಳುತ್ತಾಳೆ. ಕೆಲಸಕ್ಕೆ ಸಂಬಳವಿಲ್ಲದ ರಜೆ ಬರೆದುಕೊಟ್ಟಳು. ತನ್ನ ಊರು ವೆನ್‌ಚಾಂಗಿನಲ್ಲಿದ್ದ ಅಮ್ಮನಿಗೆ ಫೋನು ಮಾಡಿದಳು. ಅಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಕೊನೆಗೆ ಉಣ್ಣೆಯ ಕಾಲುಚೀಲ ಎಷ್ಟು ಜೊತೆ ಬೇಕು ಎಂದು ಕೇಳಿದಳು. ಆಮೇಲೆ ಪೇಲಾನ್ ಮಾನ್‌ಲಿಯ ಮುಂದೆ ಗಿರಾಕಿಯಂತೆ ನಿಂತು ಟಿಕೆಟ್ ತೋರಿಸಿ ನಿಲ್ದಾಣದಿಂದ ಮರಳಿ ಬಂದಿದ್ದ ಅದೇ ನೀಲಿ ಪಟ್ಟಿಯ ವಾಚನ್ನು ತನ್ನ ಹೆಸರಿನಲ್ಲಿ ಕೊಂಡಳು.

"ಬುಧವಾರದವರೆಗೆ ಕಾಯೇ ಹುಚ್ಚಿ, ಬೆಲೆ ಇಳಿಯುತ್ತೆ," ಎಂದಳು ಮಾನ್‌ಲಿ.

"ಕಾಯಲ್ಲ ಅಕ್ಕಾ."

ಯೆನ್‌ಶೆಂಗ್‌ಗೆ ಬರುವ ದಿನವನ್ನಷ್ಟೇ ಬರೆದು ಕಳಿಸಿದಳು. ಬೇಡ ಅನ್ನಬೇಡ ಎಂದೂ ಸೇರಿಸಿದಳು. ಇಲ್ಲಿ ತುಂಬಾ ಚಳಿ ಎಂದು ಉತ್ತರ ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು. ಸ್ಟೇಷನ್ನಿನ ಬಾಗಿಲಲ್ಲಿ ಇರ್ತೀನಿ.

ವಿಮಾನ ನಿಲ್ದಾಣದ ಕಿಟಕಿಯಲ್ಲಿ ಪೊಟ್ಟಣ ಕೈಗೆ ಬಂದಾಗ ಅವಳ ಸುತ್ತ ನೂರಾರು ಜನ ನೆಲದ ಮೇಲೆ ಕೂತು, ರಟ್ಟು ಹರಿದು, ಪೆಟ್ಟಿಗೆಗಳನ್ನು ಸೂಟ್‌ಕೇಸಿಗೆ ತುರುಕುತ್ತಿದ್ದರು. ಎಷ್ಟೋ ವರ್ಷದಿಂದ ಅವಳು ಈ ಕಿಟಕಿಗೆ ಪೊಟ್ಟಣ ಕಳಿಸಿದ್ದಳು. ಈ ಕಡೆ ನಿಂತದ್ದು ಇದೇ ಮೊದಲು. ವಿಮಾನ ಮೇಲೇರುವಾಗ ಹೆದರಿ ಪಕ್ಕದ ಅಜ್ಜಿಯ ಕೈ ಹಿಡಿದುಕೊಂಡಳು. ಅಜ್ಜಿ ಬಿಡಿಸಿಕೊಳ್ಳಲಿಲ್ಲ.

ಹಾರ್ಬಿನ್‌ನಿಂದ ರೈಲು. ಕಿಟಕಿಯಾಚೆ ಬರೀ ಬಿಳಿ.

ಜಿಯಾಮುಸಿಯ ಸ್ಟೇಷನ್ನಿನ ಬಾಗಿಲಲ್ಲಿ ಅವನು ಹತ್ತಿಯ ದಪ್ಪ ಕೋಟು ಹಿಡಿದು ನಿಂತಿದ್ದ. ಸೊರಗಿಹೋಗಿದ್ದ. ಗಡ್ಡ ಬಂದಿತ್ತು. ಕೋಟನ್ನು ಅವಳಿಗೆ ತೊಡಿಸಿ ಗುಂಡಿ ಹಾಕಿದ. ಮೇಲಿನದು ಹಾಕಿದ ಮೇಲೂ ಅವನ ಕೈ ಅಲ್ಲೇ ಉಳಿಯಿತು.

ಮನೆಯಲ್ಲಿ ಅತ್ತಿಗೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಒಲೆಯ ಪಕ್ಕ ಕೂತಿದ್ದಳು. ಪೇಲಾನ್‌ಳನ್ನು ಮೇಲಿಂದ ಕೆಳಗೆ ನೋಡಿದಳು.

"ಇದೇ ಕೈನಾ? ಫೋನಲ್ಲಿ ಅವಳ ಕೈ ಹೀಗೆ, ಅವಳ ಕೈ ಹಾಗೆ ಅಂತ ಇವನು ಹೇಳಿದ್ದೇ ಹೇಳಿದ್ದು. ಮುಖ ಹೇಗಿದೆ ಅಂತ ಮಾತ್ರ ಒಂದಿನಾನೂ ಹೇಳ್ಲಿಲ್ಲ, ದಡ್ಡ."

ಪೇಲಾನ್ ಅತ್ತಿಗೆಯ ಕೈಗೆ ವಾಚು ಕಟ್ಟಿದಳು. ಅತ್ತಿಗೆ ಮುಖ ಗೋಡೆಗೆ ತಿರುಗಿಸಿದಳು.

ಒಳಕೋಣೆಯಿಂದ ನರಳುವ ಸದ್ದು ಬಂತು. ತಾಯಿಯನ್ನು ಮಗ್ಗುಲು ಬದಲಿಸುವ ಹೊತ್ತು. ಯೆನ್‌ಶೆಂಗ್ ಅಂಗಿಯ ತೋಳು ಮಡಿಚಿಕೊಂಡು ಒಳಗೆ ನಡೆದ. ಪೇಲಾನ್ ಕೋಟು ಬಿಚ್ಚಿಟ್ಟು ಹಿಂದೆಯೇ ಹೋದಳು.

ಹಾಸಿಗೆಯಲ್ಲಿ ಪುಟ್ಟ ಮುದುಕಿ. ಕಣ್ಣು ಮಾತ್ರ ಎಚ್ಚರ. ಆ ಕಣ್ಣುಗಳು ಹೊಸಬಳ ಮೇಲೆ ನಿಂತವು.

"ನೀನು ಹೋಗಿ ಬೆಚ್ಚಗೆ ಕೂತ್ಕೋ," ಎಂದ ಅವನು. "ನೋಡೋಕಾಗಲ್ಲ ನಿಂಗೆ."

ಅವಳು ಕದಲಲಿಲ್ಲ. ಹಾಸಿಗೆಯ ಆ ಬದಿಗೆ ಹೋಗಿ ನಿಂತಳು.

"ಕೇಳೋ ಹಕ್ಕಿಲ್ಲ ಅಂದ್ಯಲ್ಲ ಅವತ್ತು. ಈಗ ಕೇಳು."

ಯೆನ್‌ಶೆಂಗ್ ತಲೆ ತಗ್ಗಿಸಿದ. ಉಸಿರೆಳೆದುಕೊಂಡ.

"ಇರ್ತೀಯಾ?"

"ಹೂಂ."

"ಎಷ್ಟು ದಿನ ಹೀಗೆ ಅಂತ ನಂಗೆ ಗೊತ್ತಿಲ್ಲ, ಪೇಲಾನ್. ಆಮೇಲೆ ಏನು ಅಂತಾನೂ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ಎಲ್ಲಿ ಹಿಡ್ಕೋಬೇಕು, ಅದನ್ನ ಹೇಳು."

ಅವನು ಕಣ್ಣು ಒರೆಸಿಕೊಂಡ. ಮುದುಕಿಯ ಬೆನ್ನ ಕೆಳಗೆ ಕೈ ತೂರಿಸಿದ. ಆ ಕಡೆಯಿಂದ ಅವಳ ಕೈಯೂ ಬಂತು. ನಡುವೆ, ಒಂದು ಬೆಚ್ಚಗಿನ ಭಾರದ ಕೆಳಗೆ, ಎರಡು ಕೈಗಳು ಸಿಕ್ಕವು.

"ಹೀಗಾ?" ಎಂದಳು.

"ಹೀಗೇ. ಈಗ ನಿಧಾನ... ನನ್ನ ಜೊತೆ."